ಎಂಟನೇ ಕೆಲಸವನ್ನು ಮೊದಲು ಮಾಡಬೇಡಿ: ಮನೆಯ ಹಣಕ್ಕೆ ಹಂತ ಹಂತದ ಯೋಜನೆ

ಜನವರಿಯಲ್ಲಿ ಹೊಸ ಡೈರಿ ಬರುತ್ತದೆ. ಹದಿನೈದು ದಿನ ಹಾಲು, ತರಕಾರಿ, ಪೆಟ್ರೋಲ್ ಎಲ್ಲ ಬರೆದಿಡುತ್ತಾರೆ. ಫೆಬ್ರವರಿಯಲ್ಲಿ ಯಾರದೋ ಮಾತು ಕೇಳಿ 5,000 ರೂಪಾಯಿಯ ಎಸ್‌ಐಪಿ (ಮ್ಯೂಚುವಲ್ ಫಂಡ್‌ಗೆ ತಿಂಗಳು ತಿಂಗಳು ಕಟ್ಟುವ ಕಂತು) ಶುರು. ಮೇ ತಿಂಗಳಲ್ಲಿ ಶಾಲೆಯವರು ಫೀಸು ಕೇಳುತ್ತಾರೆ, ಅದೇ ವಾರ ಗಾಡಿಯ ಇನ್ಶೂರೆನ್ಸ್ ಮುಗಿಯುತ್ತದೆ. ಎಸ್‌ಐಪಿ ನಿಲ್ಲುತ್ತದೆ, ಕಟ್ಟಿದ ಹಣ ವಾಪಸ್ ಬರುತ್ತದೆ, ಸಾಲದ್ದಕ್ಕೆ ಕ್ರೆಡಿಟ್ ಕಾರ್ಡ್ ಉಜ್ಜುತ್ತಾರೆ. "ನಮ್ಮಂಥವರಿಗೆ ಇದೆಲ್ಲ ಆಗಿಬರೋದಿಲ್ಲ ಬಿಡಿ" ಅಂತ ಡೈರಿ ಮುಚ್ಚುತ್ತಾರೆ.

ನನ್ನ ಹತ್ತಿರ ಲೆಕ್ಕ ಹಿಡಿದುಕೊಂಡು ಬರುವವರಲ್ಲಿ ಹೆಚ್ಚಿನವರು ಎಡವಿರುವುದು ಇದೇ ಜಾಗದಲ್ಲಿ. ಅವರಿಗೆ ಶಿಸ್ತಿಲ್ಲ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಈ ಯೋಜನೆಯ ಹತ್ತು ಹಂತಗಳಲ್ಲಿ ಹೂಡಿಕೆ ಎಂಟನೆಯದು; ಆ ಎಂಟನೇ ಕೆಲಸವನ್ನು ಮೊದಲು ಮಾಡಿದ್ದಾರೆ, ಅಷ್ಟೇ. ಹಾಗಾಗಿ ಇಲ್ಲಿ ಯಾವುದಾದ ಮೇಲೆ ಯಾವುದು ಅನ್ನುವುದಕ್ಕೇ ಒತ್ತು. ಭಾರತದಲ್ಲಿ ಸಂಬಳ ತೆಗೆದುಕೊಳ್ಳುವವರನ್ನು, ಸಣ್ಣ ಅಂಗಡಿ ಅಥವಾ ಕಸುಬು ನಡೆಸುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ.

## ಕೂರುವ ಮೊದಲು ಕೈಗೆ ಬೇಕಾದದ್ದು

ಎಲ್ಲ ಬ್ಯಾಂಕ್ ಖಾತೆಗಳ ಕಳೆದ ಮೂರು ತಿಂಗಳ ಸ್ಟೇಟ್‌ಮೆಂಟ್, ಸಂಬಳದ ಚೀಟಿ, ಪ್ರತಿ ಸಾಲದ ಬಾಕಿ ಎಷ್ಟಿದೆ ಅನ್ನುವ ಪತ್ರ, ಇರುವ ಎಲ್ಲ ಪಾಲಿಸಿ ಬಾಂಡ್‌ಗಳು, ಒಂದು ನೋಟ್‌ಬುಕ್. ಕಂಪ್ಯೂಟರ್ ಶೀಟ್ ಬಳಸಲು ಬಂದರೆ ಒಳ್ಳೆಯದು, ಬರದಿದ್ದರೆ ನಷ್ಟವೇನಿಲ್ಲ. ಖರ್ಚಿನ ಆ್ಯಪ್ ಬೇಡ. ಈ ಹಂತದಲ್ಲಿ ಅದು ಆಟಿಕೆ.

ಮದುವೆಯಾಗಿದ್ದರೆ ಇಬ್ಬರೂ ಕೂರಬೇಕು. ಒಬ್ಬರೇ ಮಾಡಿದ ಯೋಜನೆ ಮೊದಲ ಮದುವೆ ಮುಯ್ಯಿಗೇ ಮುರಿಯುತ್ತದೆ. ಯಾಕೆಂದರೆ ಮುಯ್ಯಿ ಎಷ್ಟು ಅನ್ನುವುದು ಇನ್ನೊಬ್ಬರ ತಲೆಯಲ್ಲಿರುತ್ತದೆ.

## ಹಂತ 1: ಹಿಂದಿನ ಮೂರು ತಿಂಗಳು ನೋಡಿ

ಮುಂದಿನ ತಿಂಗಳು ಎಷ್ಟು ಖರ್ಚು ಮಾಡಬೇಕು ಅಂತ ಈಗಲೇ ಬರೆಯಬೇಡಿ. ಆ ಅಂಕಿ ನಿಮ್ಮ ಆಸೆ, ಲೆಕ್ಕ ಅಲ್ಲ. ಸ್ಟೇಟ್‌ಮೆಂಟ್ ಹಿಡಿದು ಹೋದ ಹಣವನ್ನು ಮೂರು ಗುಂಪು ಮಾಡಿ. ಬಾಡಿಗೆ, ದಿನಸಿ, ಕರೆಂಟ್, ಇಎಂಐ, ಔಷಧಿ ಥರದ ತಪ್ಪಿಸಲಾಗದ್ದು ಒಂದು. ಬೇಕಿದ್ದರೆ ಕಡಿಮೆ ಮಾಡಬಹುದಾದದ್ದು ಇನ್ನೊಂದು. ಯಾವುದಕ್ಕೆ ಹೋಯಿತೋ ನೆನಪೇ ಇಲ್ಲದ್ದು ಮೂರನೆಯದು.

ಮೂರನೇ ಗುಂಪೇ ಸ್ವಾರಸ್ಯದ್ದು. ಎಟಿಎಂನಿಂದ ತೆಗೆದದ್ದು, ಯುಪಿಐನಲ್ಲಿ ಹೋದ 40, 60, 120 ರೂಪಾಯಿಗಳು ಅಲ್ಲಿ ಸೇರುತ್ತವೆ. ಪ್ರತಿ ಚಹಾದ ಲೆಕ್ಕ ಬಿಡಿಸಲು ಹೋಗಬೇಡಿ. ಒಟ್ಟು ಮೊತ್ತ ಸಾಕು. ಅದು ಸಂಬಳದ ಹತ್ತನೇ ಒಂದು ಭಾಗ ದಾಟಿದ್ದರೆ ಮಾತ್ರ ಒಳಗೆ ಇಣುಕಿ. ಯುಪಿಐ ಆ್ಯಪ್‌ನಲ್ಲಿ ಆಟೋಪೇ ಅನ್ನುವ ಜಾಗವನ್ನೂ ತೆರೆದು ನೋಡಿ. ಎಂದೋ ಒಂದು ರೂಪಾಯಿಗೆ ಶುರು ಮಾಡಿ ಮರೆತ ಚಂದಾ ಅಲ್ಲಿ ಇನ್ನೂ ಜೀವಂತವಾಗಿರಬಹುದು.

ತಿಂಗಳಿಗೊಂದು ಥರ ಆದಾಯ ಬರುವವರು ಸರಾಸರಿ ತೆಗೆಯಬೇಡಿ. ಕಳೆದ ಹನ್ನೆರಡು ತಿಂಗಳಲ್ಲಿ ತೀರಾ ಕಡಿಮೆ ಬಂದ ಮೂರು ತಿಂಗಳು ನೋಡಿ, ಅಷ್ಟೇ ಆದಾಯ ಅಂತ ಹಿಡಿಯಿರಿ. ಅಂಗಡಿ ಇದ್ದವರು ಗಲ್ಲಾದ ಹಣವನ್ನೂ ಮನೆಯ ಹಣವನ್ನೂ ಬೇರೆ ಮಾಡದೆ ಈ ಹಂತ ದಾಟಲು ಆಗುವುದಿಲ್ಲ. ಅಂಗಡಿಯಿಂದ ನಿಮಗೆ ನೀವೇ ಒಂದು ಸಂಬಳ ಗೊತ್ತು ಮಾಡಿಕೊಳ್ಳಿ.

ಎಚ್ಚರಿಕೆಯ ಗುರುತು: ಮೂರೂ ತಿಂಗಳು ಬಂದದ್ದಕ್ಕಿಂತ ಹೋದದ್ದು ಜಾಸ್ತಿ ಇದ್ದರೆ ಎಲ್ಲಿಂದಲೋ ಸಾಲ ಬೆಳೆಯುತ್ತಿದೆ ಅಂತ ಅರ್ಥ. ಎಲ್ಲಿಂದ ಅಂತ ಸಿಗುವವರೆಗೆ ಪುಟ ತಿರುಗಿಸಬೇಡಿ.

## ಹಂತ 2: ವರ್ಷಕ್ಕೊಮ್ಮೆ ಬರುವ ಖರ್ಚಿನ ಪಟ್ಟಿ

ಯೋಜನೆಗಳು ಸಾಯುವುದು ಇಲ್ಲಿ. ತಿಂಗಳ ಖರ್ಚನ್ನು ಎಲ್ಲರೂ ಹೇಗೋ ತೂಗಿಸುತ್ತಾರೆ. ಏಟು ಕೊಡುವುದು ವರ್ಷಕ್ಕೊಮ್ಮೆ, ಆರು ತಿಂಗಳಿಗೊಮ್ಮೆ ಬರುವ ಖರ್ಚು. ಅದನ್ನು ನಾವು "ಅಚಾನಕ್ ಖರ್ಚು" ಅಂತ ಕರೆಯುತ್ತೇವೆ. ಶಾಲೆ ಪ್ರತಿವರ್ಷ ಅದೇ ಹೊತ್ತಿಗೆ ತೆರೆಯುತ್ತದೆ, ಗಣೇಶ ಹಬ್ಬ ಪ್ರತಿವರ್ಷ ಬರುತ್ತದೆ. ಅಚಾನಕ್ ಎಲ್ಲಿಂದ ಬಂತು?

ಒಂದು ಹಾಳೆಯಲ್ಲಿ ಜನವರಿಯಿಂದ ಡಿಸೆಂಬರ್‌ವರೆಗೆ ಬರೆದು, ಪ್ರತಿ ತಿಂಗಳ ಎದುರು ಆ ತಿಂಗಳಿನ ದೊಡ್ಡ ಖರ್ಚು ಹಾಕಿ. ಶಾಲೆ ಫೀಸು, ಸಮವಸ್ತ್ರ, ಪುಸ್ತಕ, ಗಾಡಿಯ ಇನ್ಶೂರೆನ್ಸ್ ಮತ್ತು ಸರ್ವಿಸ್, ವಿಮೆ ಕಂತು, ಮನೆ ಕಂದಾಯ, ಹಬ್ಬದ ಬಟ್ಟೆ, ಊರಿನ ಜಾತ್ರೆ, ಮದುವೆ ಸೀಸನ್ನಿನ ಮುಯ್ಯಿ, ವರ್ಷಕ್ಕೊಂದು ಪ್ರವಾಸ. ಹಿಂದಿನ ವರ್ಷದ ಸ್ಟೇಟ್‌ಮೆಂಟ್ ತಿರುವಿದರೆ ಮರೆತದ್ದೆಲ್ಲ ನೆನಪಾಗುತ್ತದೆ.

ಉದಾಹರಣೆಗೆ ಒಂದು ಮನೆಯಲ್ಲಿ ಫೀಸು 36,000, ಗಾಡಿಗೆ 9,000, ಹಬ್ಬ ಮತ್ತು ಮುಯ್ಯಿಗೆ 15,000, ವಿಮೆಗೆ 12,000 ಅಂತಿಟ್ಟುಕೊಳ್ಳಿ. ಒಟ್ಟು 72,000. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 6,000. ಈ ಮನೆಯವರು "ತಿಂಗಳಿಗೆ 7,000 ಉಳಿಯುತ್ತೆ" ಅಂದುಕೊಂಡಿದ್ದರೆ, ನಿಜವಾಗಿ ಉಳಿಯುವುದು 1,000. ಅವರು 5,000ದ ಎಸ್‌ಐಪಿ ಹಾಕಿದರೆ ಅದು ನಿಲ್ಲಲೇಬೇಕು. ಸೋಮಾರಿತನಕ್ಕೂ ಅದಕ್ಕೂ ಸಂಬಂಧವಿಲ್ಲ.

ಈ 6,000 ಉಳಿತಾಯವಲ್ಲ. ಇನ್ನೂ ಬಿಲ್ ಬಂದಿಲ್ಲದ ಖರ್ಚು. ತಪ್ಪಿಸಲಾಗದ ಗುಂಪಿಗೇ ಸೇರಿಸಿ. ವರ್ಷದ ನಡುವೆ ಶುರು ಮಾಡಿದ್ದರೆ ಮೊದಲ ದೊಡ್ಡ ಖರ್ಚಿನ ಹೊತ್ತಿಗೆ ಹಣ ಪೂರ್ತಿ ಸೇರಿರುವುದಿಲ್ಲ. ಮುಂದಿನ ದೊಡ್ಡ ಖರ್ಚಿಗೆ ಎಷ್ಟು ತಿಂಗಳಿದೆಯೋ ಅಷ್ಟರಿಂದಲೇ ಭಾಗಿಸಿ. ಮೊದಲ ವರ್ಷ ಬಿಗಿ ಇರುತ್ತದೆ, ಎರಡನೇ ವರ್ಷದಿಂದ ಉಸಿರಾಡಬಹುದು.

## ಹಂತ 3: ಖಾತೆ ಬೇರೆ ಮಾಡಿ

ಒಂದೇ ಖಾತೆಯಲ್ಲಿ ಎಲ್ಲ ಇದ್ದರೆ ಎಲ್ಲವೂ ಖರ್ಚಿಗೆ ಇರುವ ಹಣದಂತೆಯೇ ಕಾಣುತ್ತದೆ. ಎರಡನೇ ಖಾತೆ ತೆರೆಯಿರಿ. ಅದನ್ನು ಯುಪಿಐಗೆ ಜೋಡಿಸಬೇಡಿ. ಎಟಿಎಂ ಕಾರ್ಡ್ ಬೀರುವಿನಲ್ಲಿರಲಿ. ಇಂತಿಷ್ಟು ಹಣ ಸದಾ ಉಳಿಸಿಡದಿದ್ದರೆ ದಂಡ ಹಾಕುವ ಖಾತೆ ಬೇಡ.

ಸಂಬಳ ಬಂದ ಮರುದಿನವೇ ಈ ಖಾತೆಗೆ ಹಣ ತಾನಾಗಿಯೇ ಹೋಗುವಂತೆ ಬ್ಯಾಂಕಿಗೆ ಸೂಚನೆ ಕೊಡಿ. ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಅಂದರೆ ಅವರಿಗೆ ಗೊತ್ತಾಗುತ್ತದೆ. ಇಎಂಐಗಳ ತಾರೀಕನ್ನೂ ಆ ದಿನಗಳಿಗೇ ಬದಲಾಯಿಸಿಕೊಡಲು ಕೇಳಿ. 20ನೇ ತಾರೀಕಿನ ಕಂತಿಗೆ ಖಾತೆಯಲ್ಲಿ ಹಣವಿಲ್ಲದೆ ವಾಪಸಾದರೆ ಬ್ಯಾಂಕಿನ ದಂಡ ಒಂದು, ಸಾಲ ಕೊಟ್ಟವರ ದಂಡ ಇನ್ನೊಂದು. ಸಾಲದ ದಾಖಲೆಯಲ್ಲೂ ಕಪ್ಪು ಚುಕ್ಕೆ.

"ತಿಂಗಳ ಕೊನೆಗೆ ಉಳಿದದ್ದನ್ನು ಹಾಕ್ತೀನಿ" ಅನ್ನುವವರನ್ನು ಬಹಳ ಜನ ನೋಡಿದ್ದೇನೆ. ತಿಂಗಳ ಕೊನೆಗೆ ಏನೂ ಉಳಿದಿರುವುದಿಲ್ಲ.

## ಹಂತ 4: ಮೊದಲು ಒಂದು ಸಣ್ಣ ಗಂಟು

ಆರು ತಿಂಗಳ ಖರ್ಚಿನಷ್ಟು ತುರ್ತು ನಿಧಿ ಇರಬೇಕು ಅಂತ ಎಲ್ಲರೂ ಹೇಳುತ್ತಾರೆ. ಆ ಅಂಕಿ ಕೇಳಿಯೇ ಜನ ಕೈಬಿಡುತ್ತಾರೆ. ಮೊದಲ ಗುರಿ ಒಂದೇ ತಿಂಗಳ ತಪ್ಪಿಸಲಾಗದ ಖರ್ಚು. ಅದು 22,000 ಇದ್ದರೆ 22,000. ಫ್ರಿಜ್ ಕೆಟ್ಟರೆ, ಯಾರಿಗೋ ಜ್ವರ ಬಂದರೆ ಕಾರ್ಡ್ ಉಜ್ಜದೆ ನಿಭಾಯಿಸಲು ಇಷ್ಟು ಸಾಕು.

ಹಂತ 2ರ ಹಣದೊಂದಿಗೆ ಇದನ್ನು ಕಲೆಸಬೇಡಿ. ಒಂದೇ ಖಾತೆಯಲ್ಲಿದ್ದರೂ ನೋಟ್‌ಬುಕ್‌ನಲ್ಲಿ ಎರಡು ಸಾಲು ಇರಲಿ.

## ಹಂತ 5: ಸಾಲ ತೀರುವವರೆಗೆ ಕಾಯದೆ ವಿಮೆ

"ಸಾಲ ಮುಗಿಯಲಿ, ಆಮೇಲೆ ಇನ್ಶೂರೆನ್ಸ್" ಅನ್ನುವುದು ತಿರುಗುಮುರುಗು ಲೆಕ್ಕ. ಸಾಲ ಇರುವವರು ಹೋದರೆ ಮನೆಯವರಿಗೆ ದುಃಖದ ಜೊತೆ ಕಂತೂ ಉಳಿಯುತ್ತದೆ.

ಎಲ್ಲಕ್ಕಿಂತ ಅಗ್ಗದ್ದರಿಂದ ಶುರು ಮಾಡಿ. ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ 20 ರೂಪಾಯಿ. 18ರಿಂದ 70 ವರ್ಷದವರಿಗೆ 2 ಲಕ್ಷದ ಅಪಘಾತ ವಿಮೆ. ಜೀವನ್ ಜ್ಯೋತಿ ಬಿಮಾ ಯೋಜನೆಗೆ 436 ರೂಪಾಯಿ. 18ರಿಂದ 50ರೊಳಗೆ ಸೇರಬಹುದು, 2 ಲಕ್ಷದ ಜೀವ ವಿಮೆ. ಎರಡೂ ಜೂನ್ 1ರಿಂದ ಮೇ 31ರವರೆಗೆ. ಮೇ ಕೊನೆಯ ವಾರ ಖಾತೆಯಿಂದ ಹಣ ಕಡಿತವಾಗುತ್ತದೆ. ಆಗ ಖಾತೆಯಲ್ಲಿ ಅಷ್ಟು ಹಣ ಇಲ್ಲದಿದ್ದರೆ ವಿಮೆ ನಿಲ್ಲುತ್ತದೆ. ಹಳ್ಳಿಯಲ್ಲಿರುವ ಅಪ್ಪ ಅಮ್ಮನ ಖಾತೆಗಳಲ್ಲಿ ಹೀಗೆ ನಿಂತುಹೋಗಿರುವುದು ಬಹಳ, ಒಮ್ಮೆ ನೋಡಿ.

ಆದರೆ 2 ಲಕ್ಷದಿಂದ ಸಂಸಾರ ನಡೆಯುವುದಿಲ್ಲ ಅಲ್ವಾ. ನಿಮ್ಮ ದುಡಿಮೆಯನ್ನು ನಂಬಿದವರು ಇದ್ದರೆ ಟರ್ಮ್ ಪಾಲಿಸಿ, ಅಂದರೆ ಗೊತ್ತಾದ ಅವಧಿಯೊಳಗೆ ಸಾವಾದರೆ ಮಾತ್ರ ಹಣ ಕೊಡುವ ಜೀವ ವಿಮೆ ಬೇಕು. ವರ್ಷದ ಆದಾಯದ ಹತ್ತರಿಂದ ಹದಿನೈದು ಪಟ್ಟು ಅನ್ನುವುದು ವಾಡಿಕೆಯ ಲೆಕ್ಕ. ಅದರ ಮೇಲೆ ಇರುವ ಸಾಲದ ಮೊತ್ತ ಸೇರಿಸಿ. ಕೊನೆಗೆ ಏನೂ ವಾಪಸ್ ಬರುವುದಿಲ್ಲ, ಅದಕ್ಕೇ ಕಂತು ಕಡಿಮೆ. ನಿಮ್ಮನ್ನು ನಂಬಿದವರು ಯಾರೂ ಇಲ್ಲದಿದ್ದರೆ ಇದನ್ನು ಸುಮ್ನೆ ಬಿಟ್ಟುಬಿಡಿ.

ಅರ್ಜಿಯಲ್ಲಿ ಸಕ್ಕರೆ ಕಾಯಿಲೆ, ಬಿಪಿ, ಸಿಗರೇಟು, ಗುಟ್ಕಾ ಯಾವುದನ್ನೂ ಮುಚ್ಚಿಡಬೇಡಿ. "ಇಲ್ಲ ಅಂತ ಟಿಕ್ ಮಾಡಿ, ಏನಾಗಲ್ಲ" ಅಂತ ಏಜೆಂಟ್ ಹೇಳಿದರೂ ಬೇಡ. ಮೊದಲ ಮೂರು ವರ್ಷದೊಳಗೆ ಸಾವಾದರೆ ಕಂಪನಿ ಹಳೆಯ ಆಸ್ಪತ್ರೆ ದಾಖಲೆ ಹುಡುಕುತ್ತದೆ. ಆಗ ಉತ್ತರ ಕೊಡಬೇಕಾದವರು ನಿಮ್ಮ ಮನೆಯವರು.

ಆರೋಗ್ಯ ವಿಮೆಯಲ್ಲಿ ಮೊದಲು ಈಗಾಗಲೇ ಏನಿದೆ ನೋಡಿ. ಸಂಬಳ ತಿಂಗಳಿಗೆ 21,000ದೊಳಗಿದ್ದು ನಿಮ್ಮ ಸಂಸ್ಥೆ ಇಎಸ್‌ಐ (ನೌಕರರ ರಾಜ್ಯ ವಿಮೆ) ವ್ಯಾಪ್ತಿಯಲ್ಲಿದ್ದರೆ ನಿಮಗೆ ಆ ಸೌಲಭ್ಯವಿದೆ. ಆಯುಷ್ಮಾನ್ ಭಾರತ್ ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಕೊಡುತ್ತದೆ. 2024ರಿಂದ 70 ದಾಟಿದವರಿಗೆ ಆದಾಯದ ಮಿತಿಯಿಲ್ಲ. ಕಂಪನಿ ಕೊಟ್ಟ ಪಾಲಿಸಿ ಕೆಲಸ ಬಿಟ್ಟ ದಿನ ಮುಗಿಯುತ್ತದೆ ಅನ್ನುವುದು ನೆನಪಿರಲಿ. ಸ್ವಂತದ್ದು ಕೊಳ್ಳುವಾಗ ಕೋಣೆ ಬಾಡಿಗೆಗೆ ಮಿತಿ ಇದೆಯಾ, ಮೊದಲೇ ಇರುವ ಕಾಯಿಲೆಗೆ ಎಷ್ಟು ಕಾಯಬೇಕು, ನಿಮ್ಮ ಊರಿನ ಯಾವ ಆಸ್ಪತ್ರೆಯಲ್ಲಿ ನಗದಿಲ್ಲದೆ ಚಿಕಿತ್ಸೆ ಸಿಗುತ್ತದೆ ಅಂತ ಕೇಳಿ. ಮೊದಲೇ ಇರುವ ಕಾಯಿಲೆಗೆ ಮೂರು ವರ್ಷಕ್ಕಿಂತ ಜಾಸ್ತಿ ಕಾಯಿಸುವಂತಿಲ್ಲ.

ನನ್ನದೇ ಒಂದು ಪೆದ್ದುತನ ಹೇಳುತ್ತೇನೆ. ಎಫ್‌ಡಿ ಮಾಡಿಸಲು ಒಂದು ಬ್ಯಾಂಕಿಗೆ ಹೋದವನು "ಎಫ್‌ಡಿ ಥರವೇ, ಇನ್ಶೂರೆನ್ಸ್ ಫ್ರೀ" ಅನ್ನುವ ಮಾತಿಗೆ ಸಹಿ ಹಾಕಿ ಬಂದೆ. ಮರುವರ್ಷ ಕಂತು ಕಟ್ಟಿ ಅಂತ ಮೆಸೇಜ್ ಬಂದಾಗಲೇ ಅದು ಹತ್ತು ವರ್ಷದ ಪಾಲಿಸಿ ಅಂತ ಗೊತ್ತಾದದ್ದು. ಪಾಲಿಸಿ ಕೈಗೆ ಬಂದ ಮೇಲೆ ಓದಿ, ಬೇಡವೆಂದು ಹಿಂತಿರುಗಿಸಲು ಅವಕಾಶವಿದೆ. ಈಗ ಅದಕ್ಕೆ 30 ದಿನ. ನಾನು ಲಕೋಟೆಯನ್ನೇ ಒಡೆದಿರಲಿಲ್ಲ.

ಹಣ ವಾಪಸ್ ಕೊಡುವ ಪಾಲಿಸಿಯನ್ನು ಒಪ್ಪುವ ಮೊದಲು ಒಂದು ಲೆಕ್ಕ. ವರ್ಷಕ್ಕೆ 24,000ದಂತೆ 20 ವರ್ಷ ಕಟ್ಟಿದರೆ 4.8 ಲಕ್ಷ. ಕೊನೆಗೆ 9 ಲಕ್ಷ ಕೊಡುತ್ತಾರೆ ಅಂದರೆ ದುಪ್ಪಟ್ಟಿನ ಹತ್ತಿರ ಅಂತ ಕಾಣುತ್ತದೆ. ಕಂತನ್ನು ವರ್ಷದ ಶುರುವಿನಲ್ಲೇ ಕಟ್ಟುವುದು ಅಂತ ಹಿಡಿದು, ಕಂಪ್ಯೂಟರ್ ಶೀಟ್‌ನಲ್ಲಿ ರೇಟ್ (RATE) ಸೂತ್ರ ಹಾಕಿ ನೋಡಿದರೆ ವರ್ಷಕ್ಕೆ ಶೇ 6 ಕೂಡ ಆಗುವುದಿಲ್ಲ. "ಎಷ್ಟು ಬರುತ್ತೆ" ಅಂತ ಕೇಳಬೇಡಿ, "ವರ್ಷಕ್ಕೆ ಶೇಕಡಾ ಎಷ್ಟು" ಅಂತ ಕೇಳಿ.

## ಹಂತ 6: ಸಾಲಗಳನ್ನು ಸಾಲಾಗಿ ನಿಲ್ಲಿಸಿ

ಪ್ರತಿ ಸಾಲದ ಎದುರು ಬಾಕಿ, ತಿಂಗಳ ಕಂತು, ವರ್ಷದ ಬಡ್ಡಿ ಮೂರನ್ನೂ ಬರೆಯಿರಿ. ಕೈಸಾಲ, ಅಂಗಡಿ ಉದ್ರಿ, ಗಿರವಿ ಇಟ್ಟ ಚಿನ್ನ, ಎತ್ತಿದ ಚೀಟಿ ಯಾವುದೂ ಬಿಟ್ಟುಹೋಗಬಾರದು. ಬಡ್ಡಿಯನ್ನೆಲ್ಲ ವರ್ಷದ ಲೆಕ್ಕಕ್ಕೆ ತನ್ನಿ. "ನೂರಕ್ಕೆ ಮೂರು" ಅಂದರೆ ಕಿವಿಗೆ ಸಣ್ಣದು. ಅದು ತಿಂಗಳಿಗೆ. ವರ್ಷಕ್ಕೆ ಶೇ 36.

ಫ್ಲಾಟ್ ಬಡ್ಡಿಯೂ ಹೀಗೇ ಕಣ್ಣಿಗೆ ಮಣ್ಣೆರಚುತ್ತದೆ. ಒಂದು ಲಕ್ಷವನ್ನು ಶೇ 12ರ ಫ್ಲಾಟ್ ದರದಲ್ಲಿ ಮೂರು ವರ್ಷಕ್ಕೆ ತೆಗೆದುಕೊಂಡರೆ 36,000 ಬಡ್ಡಿ, ತಿಂಗಳಿಗೆ ಸುಮಾರು 3,778 ಕಂತು. ಅಸಲು ಪ್ರತಿ ತಿಂಗಳು ಕರಗುತ್ತಿದ್ದರೂ ಬಡ್ಡಿ ಮಾತ್ರ ಪೂರ್ತಿ ಲಕ್ಷಕ್ಕೇ ಬೀಳುತ್ತಿರುತ್ತದೆ. ನಿಜವಾದ ದರ ಶೇ 21ರ ಹತ್ತಿರ. 2024ರ ಅಕ್ಟೋಬರ್ 1ರಿಂದ ಬ್ಯಾಂಕ್ ಮತ್ತು ಫೈನಾನ್ಸ್ ಕಂಪನಿಗಳು ಇಂಥ ಸಾಲಕ್ಕೆ ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ ಕೊಡಲೇಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮ ಮಾಡಿದೆ. ಎಲ್ಲ ಶುಲ್ಕ ಸೇರಿ ವರ್ಷಕ್ಕೆ ಎಷ್ಟು ಬೀಳುತ್ತದೆ ಅನ್ನುವುದು ಅದರಲ್ಲಿ ಎಪಿಆರ್ ಅಂತ ಇರುತ್ತದೆ. ನಿಮಗೆ ಅರ್ಥವಾಗುವ ಭಾಷೆಯಲ್ಲೇ ಕೊಡಬೇಕು. ಸಹಿಗೆ ಮೊದಲು ಕೇಳಿ ಪಡೆಯಿರಿ.

ತೀರಿಸುವ ಕ್ರಮ ಹೀಗೆ. ಎಲ್ಲ ಸಾಲಕ್ಕೂ ಕಟ್ಟಲೇಬೇಕಾದ ಕಂತು ಮೊದಲು. ಮಿಕ್ಕ ಹಣವನ್ನು ಹರಿದು ಹಂಚಬೇಡಿ, ಅತಿ ಹೆಚ್ಚು ಬಡ್ಡಿಯ ಒಂದೇ ಸಾಲಕ್ಕೆ ಹಾಕಿ. ಅದು ಮುಗಿದ ಮೇಲೆ ಅದಕ್ಕೆ ಹೋಗುತ್ತಿದ್ದ ಪೂರ್ತಿ ಹಣ ಮುಂದಿನದಕ್ಕೆ.

ಬಹಳ ಮನೆಗಳಲ್ಲಿ ಪಟ್ಟಿಯ ಮೇಲ್ತುದಿಯಲ್ಲಿರುವುದು ಕ್ರೆಡಿಟ್ ಕಾರ್ಡ್. 40,000 ಬಾಕಿ, ತಿಂಗಳಿಗೆ ಶೇ 3.5 ಬಡ್ಡಿ ಅಂತಿಟ್ಟುಕೊಳ್ಳಿ. ಬಡ್ಡಿ 1,400, ಅದರ ಮೇಲೆ ಶೇ 18 ಜಿಎಸ್‌ಟಿ 252. ಬಿಲ್‌ನಲ್ಲಿ "ಕನಿಷ್ಠ ಮೊತ್ತ 2,000" ಅಂತ ಇರುತ್ತದೆ. ಅಷ್ಟೇ ಕಟ್ಟಿದರೆ ಅಸಲಿಗೆ ಹೋಗುವುದು 348 ರೂಪಾಯಿ! ಜೊತೆಗೆ ಹಿಂದಿನ ಬಾಕಿ ಉಳಿದಿದ್ದರೆ ಹೊಸದಾಗಿ ಕೊಂಡದ್ದಕ್ಕೂ ಕೊಂಡ ದಿನದಿಂದಲೇ ಬಡ್ಡಿ. ಅದೇ ಕಾರ್ಡಿಗೆ ತಿಂಗಳಿಗೆ 7,000 ಕಟ್ಟಿ, ಕಾರ್ಡನ್ನು ಮುಟ್ಟದೆ ಇದ್ದರೆ ಏಳನೇ ತಿಂಗಳಿಗೆ ಲೆಕ್ಕ ಚುಕ್ತಾ.

ಶೇ 15ರ ಆಸುಪಾಸಿನ ಪರ್ಸನಲ್ ಲೋನ್ ತೆಗೆದು ಕಾರ್ಡ್ ತೀರಿಸುವುದು ಲೆಕ್ಕದಲ್ಲಿ ಸರಿ. ಆದರೆ ಹಾಗೆ ಮಾಡಿದವರಲ್ಲಿ ಕೆಲವರು ವರ್ಷದೊಳಗೆ ಲೋನೂ ಕಾರ್ಡ್ ಬಾಕಿಯೂ ಎರಡೂ ಇಟ್ಟುಕೊಂಡು ಕೂತದ್ದನ್ನು ನೋಡಿದ್ದೇನೆ. ಕಾರ್ಡನ್ನು ಅದೇ ದಿನ ಬಂದ್ ಮಾಡಿಸುವ ಧೈರ್ಯ ಇದ್ದರೆ ಮಾತ್ರ ಆ ದಾರಿ ಹಿಡಿಯಿರಿ.

ಸಣ್ಣ ಸಾಲವನ್ನು ಮೊದಲು ಮುಗಿಸಿದರೆ ಹುಮ್ಮಸ್ಸು ಬರುತ್ತದೆ ಅಂತ ಕೆಲವರ ವಾದ. ಎರಡು ತಿಂಗಳಲ್ಲಿ ಮುಗಿಯುವಂಥದ್ದಾದರೆ ಮುಗಿಸಿ, ನನ್ನದೇನೂ ತಕರಾರಿಲ್ಲ. ಗಿರವಿ ಚಿನ್ನದ ಅವಧಿ ಮುಗಿಯುತ್ತಾ ಬಂದಿದ್ದರೆ ಬಡ್ಡಿ ಕಡಿಮೆ ಇದ್ದರೂ ಅದು ಮುಂದಕ್ಕೆ ಬರಲಿ. ಹರಾಜಾದ ಓಲೆ ವಾಪಸ್ ಬರುವುದಿಲ್ಲ. ಬದಲಾಗುವ ಬಡ್ಡಿಯ ಗೃಹಸಾಲ ಪಟ್ಟಿಯ ತುದಿಯಲ್ಲಿರಲಿ. ಅದನ್ನು ಅವಧಿಗೆ ಮೊದಲು ತೀರಿಸಿದರೆ ವ್ಯಕ್ತಿಗಳಿಗೆ ದಂಡ ಹಾಕುವಂತಿಲ್ಲ, ಅವಸರವೂ ಇಲ್ಲ.

ಅಪಾಯದ ಗುರುತುಗಳು: ಎಲ್ಲ ಇಎಂಐ ಸೇರಿ ಕೈಗೆ ಬರುವ ಸಂಬಳದ ಶೇ 40 ದಾಟುವುದು. ಒಂದು ಸಾಲದ ಕಂತು ಕಟ್ಟಲು ಇನ್ನೊಂದು ಸಾಲ. ದಿನಸಿಗೂ ಕಾರ್ಡ್. ಮನೆಯವರಿಗೆ ಹೇಳದ ಸಾಲ. ಫೋನಿನ ಕಾಂಟ್ಯಾಕ್ಟ್ಸ್ ನೋಡಲು ಅನುಮತಿ ಕೇಳುವ ಸಾಲದ ಆ್ಯಪ್. ಇದು ರಿಸರ್ವ್ ಬ್ಯಾಂಕ್ ನಿಯಮಕ್ಕೇ ವಿರುದ್ಧ. ವಸೂಲಿಯವರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಫೋನ್ ಮಾಡುವಂತಿಲ್ಲ. ಮಾಡಿದರೆ ಮೊದಲು ಸಾಲ ಕೊಟ್ಟವರಿಗೆ ಬರವಣಿಗೆಯಲ್ಲಿ ದೂರು ಕೊಡಿ. 30 ದಿನದಲ್ಲಿ ಸರಿಯಾಗದಿದ್ದರೆ ಗ್ರಾಹಕರ ದೂರು ಕೇಳುವ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ.

ಇನ್ನೊಬ್ಬರ ಸಾಲಕ್ಕೆ ಜಾಮೀನು ನಿಲ್ಲುವುದೂ ಸಾಲವೇ. ಅವರು ಕಟ್ಟದಿದ್ದರೆ ಬ್ಯಾಂಕ್ ನೇರವಾಗಿ ನಿಮ್ಮ ಬಾಗಿಲಿಗೆ ಬರಬಹುದು. ಭಾವಮೈದುನನಿಗೆ ಇಲ್ಲ ಅನ್ನುವುದು ಕಷ್ಟ, ಗೊತ್ತು. ಪೂರ್ತಿ ಮೊತ್ತ ನೀವೇ ಕಟ್ಟುವ ಶಕ್ತಿ ಇದ್ದರೆ ಮಾತ್ರ ಸಹಿ ಹಾಕಿ.

## ಹಂತ 7: ಗಂಟನ್ನು ದೊಡ್ಡದು ಮಾಡಿ

ಹೆಚ್ಚು ಬಡ್ಡಿಯ ಸಾಲ ಮುಗಿದ ಮೇಲೆ ಹಂತ 4ರ ಗಂಟನ್ನು ನಾಲ್ಕರಿಂದ ಆರು ತಿಂಗಳ ಖರ್ಚಿಗೆ ಬೆಳೆಸಿ. ಗಂಡ ಹೆಂಡತಿ ಇಬ್ಬರೂ ದುಡಿಯುತ್ತಿದ್ದರೆ ನಾಲ್ಕು ಸಾಕು. ಗುತ್ತಿಗೆ ಕೆಲಸ ಅಥವಾ ಸ್ವಂತ ಕಸುಬಾದರೆ ಆರು, ಸಾಧ್ಯವಾದರೆ ಇನ್ನೂ ಜಾಸ್ತಿ. ಒಂದು ತಿಂಗಳಿನಷ್ಟು ಉಳಿತಾಯ ಖಾತೆಯಲ್ಲಿ, ಮಿಕ್ಕದ್ದು ಸಣ್ಣ ಸಣ್ಣ ಎಫ್‌ಡಿಗಳಲ್ಲಿ. ಒಂದೇ ದೊಡ್ಡ ಎಫ್‌ಡಿ ಮಾಡಿದರೆ ಸ್ವಲ್ಪ ಹಣ ಬೇಕಾದಾಗಲೂ ಪೂರ್ತಿ ಮುರಿಯಬೇಕಾಗಬಹುದು.

ಎಲ್ಲಿಡುತ್ತೀರಿ ಅನ್ನುವುದೂ ಮುಖ್ಯ. ಬ್ಯಾಂಕ್ ಮುಳುಗಿದರೆ ಠೇವಣಿ ವಿಮೆ ಒಬ್ಬ ಠೇವಣಿದಾರರಿಗೆ ಒಂದು ಬ್ಯಾಂಕಿನಲ್ಲಿ ಅಸಲು ಬಡ್ಡಿ ಸೇರಿ 5 ಲಕ್ಷದವರೆಗೆ ಕೊಡುತ್ತದೆ. 2020ರ ಫೆಬ್ರವರಿಗೆ ಮೊದಲು ಇದು 1 ಲಕ್ಷ ಇತ್ತು. ಸಹಕಾರಿ ಬ್ಯಾಂಕುಗಳಿಗೂ ಈ ವಿಮೆ ಇದೆ. ಪತ್ತಿನ ಸಹಕಾರ ಸಂಘಗಳಿಗೆ ಇಲ್ಲ. ಬೋರ್ಡಿನಲ್ಲಿ "ಸಹಕಾರ" ಅಂತ ಓದಿ ಎರಡೂ ಒಂದೇ ಅಂದುಕೊಳ್ಳುವವರು ಜಾಸ್ತಿ. ಅಲ್ಲಿ ಅರ್ಧ ಶೇಕಡಾ ಬಡ್ಡಿ ಹೆಚ್ಚು ಸಿಗಬಹುದು, ಆದರೆ ತುರ್ತಿನ ಹಣಕ್ಕೆ ಅದು ಜಾಗವಲ್ಲ.

## ಹಂತ 8: ಈಗ ಹೂಡಿಕೆ

ಮೊದಲು ಪ್ರಶ್ನೆ "ಎಲ್ಲಿ ಹಾಕಲಿ" ಅಲ್ಲ, "ಯಾವಾಗ ಬೇಕು". ಮೂರು ವರ್ಷದೊಳಗೆ ಬೇಕಾದ ಹಣ ಆರ್‌ಡಿ, ಎಫ್‌ಡಿ, ಅಂಚೆ ಕಚೇರಿ ಬಿಟ್ಟು ಎಲ್ಲೂ ಹೋಗಬಾರದು. ಏಳು ವರ್ಷ ದಾಟಿ ಬೇಕಾದದ್ದಕ್ಕೆ ಮಾತ್ರ ಷೇರು ಪೇಟೆಯ ಫಂಡ್. ನಡುವಿನದ್ದಕ್ಕೆ ಹೆಚ್ಚು ಪಾಲು ಠೇವಣಿ, ಸ್ವಲ್ಪ ಫಂಡ್.

ಯಾಕಿಷ್ಟು ಅಂಜಿಕೆ ಅಂತೀರಾ? 2008ರಲ್ಲಿ ಷೇರು ಪೇಟೆಯ ಏರಿಳಿತ ತೋರಿಸುವ ಸೆನ್ಸೆಕ್ಸ್ ಒಂದೇ ವರ್ಷದಲ್ಲಿ ಅರ್ಧಕ್ಕಿಂತ ಜಾಸ್ತಿ ಬಿತ್ತು. 2020ರಲ್ಲಿ ಜನವರಿಯಿಂದ ಮಾರ್ಚ್ 23ರ ಹೊತ್ತಿಗೆ ಮೂರನೇ ಒಂದಕ್ಕಿಂತ ಜಾಸ್ತಿ. ಎರಡೂ ಸಲ ಮತ್ತೆ ಎದ್ದಿತು. ಆದರೆ ಮಗಳ ಕಾಲೇಜು ಫೀಸು ಅದೇ ತಿಂಗಳು ಕಟ್ಟಬೇಕಿದ್ದವರಿಗೆ ಆಮೇಲೆ ಎದ್ದರೆ ಏನು ಬಂತು?

ಎಲ್ಲ ಹಣ ಎಫ್‌ಡಿಯಲ್ಲೇ ಇಟ್ಟರೂ ಕಷ್ಟವೇ. 72ನ್ನು ಬೆಲೆ ಏರಿಕೆಯ ದರದಿಂದ ಭಾಗಿಸಿ. ವರ್ಷಕ್ಕೆ ಶೇ 6 ಏರಿದರೆ ಹನ್ನೆರಡು ವರ್ಷಕ್ಕೆ ಖರ್ಚು ದುಪ್ಪಟ್ಟು.

ಸಂಬಳದವರು ಮೊದಲು ಪಿಎಫ್ ಲೆಕ್ಕ ಹಾಕಿ. ಮೂಲ ವೇತನ ಮತ್ತು ಡಿಎ ಮೇಲೆ ನಿಮ್ಮ ಶೇ 12 ಆಗಲೇ ಹೋಗುತ್ತಿದೆ. ಕೆಲಸ ಬದಲಾಯಿಸಿದಾಗ ಅದನ್ನು ಬಿಡಿಸಿಕೊಂಡು ಬೈಕ್ ಕೊಳ್ಳುವುದು ದೊಡ್ಡ ತಪ್ಪು. ಹೊಸ ಕಂಪನಿಗೆ ವರ್ಗಾಯಿಸಿ. ಐದು ವರ್ಷದ ಸೇವೆ ತುಂಬುವ ಮೊದಲು ತೆಗೆದರೆ ತೆರಿಗೆಯೂ ಬೀಳಬಹುದು.

ಪಿಎಫ್ ಇಲ್ಲದವರಿಗೆ ಪಿಪಿಎಫ್, ಅಂದರೆ ಬ್ಯಾಂಕ್ ಅಥವಾ ಅಂಚೆ ಕಚೇರಿಯಲ್ಲಿ ತೆರೆಯುವ ಸರ್ಕಾರದ ದೀರ್ಘಾವಧಿ ಉಳಿತಾಯ ಖಾತೆ. ವರ್ಷಕ್ಕೆ ಕನಿಷ್ಠ 500, ಗರಿಷ್ಠ 1.5 ಲಕ್ಷ, 15 ವರ್ಷ. ತಿಂಗಳಿನ 5ನೇ ತಾರೀಕಿನೊಳಗೆ ಹಾಕಿದರೆ ಆ ತಿಂಗಳ ಬಡ್ಡಿ ಸಿಗುತ್ತದೆ, 6ಕ್ಕೆ ಹಾಕಿದರೆ ಇಲ್ಲ. ಹತ್ತು ವರ್ಷದೊಳಗಿನ ಹೆಣ್ಣುಮಗು ಇದ್ದರೆ ಸುಕನ್ಯಾ ಸಮೃದ್ಧಿ ಖಾತೆಯನ್ನೂ ನೋಡಿ.

ಫಂಡ್ ವಿಚಾರದಲ್ಲಿ ನನ್ನ ಅಭಿಪ್ರಾಯ ಸರಳ. ಒಂದು ನಿಫ್ಟಿ 50 ಇಂಡೆಕ್ಸ್ ಫಂಡ್ (ನಿಫ್ಟಿ ಸೂಚ್ಯಂಕದಲ್ಲಿರುವ 50 ದೊಡ್ಡ ಕಂಪನಿಗಳ ಷೇರನ್ನೇ ಕೊಳ್ಳುವ ಫಂಡ್), ಅದೂ ನಡುವೆ ಏಜೆಂಟ್ ಇಲ್ಲದೆ ಕೊಳ್ಳುವ ಡೈರೆಕ್ಟ್ ಪ್ಲಾನ್. ರೆಗ್ಯುಲರ್ ಪ್ಲಾನ್‌ನಲ್ಲಿ ಮಾರಿದವರ ಕಮಿಷನ್ ಪ್ರತಿವರ್ಷ ನಿಮ್ಮ ಹಣದಿಂದಲೇ ಹೋಗುತ್ತದೆ. ಏಳೆಂಟು ಫಂಡ್ ಇಟ್ಟುಕೊಂಡವರ ಪಟ್ಟಿ ಬಿಚ್ಚಿದರೆ ಎಲ್ಲದರಲ್ಲೂ ಅವೇ ಬ್ಯಾಂಕ್ ಷೇರುಗಳು ಕಾಣುತ್ತವೆ. ಮೊತ್ತ ಎಷ್ಟು? ಹಂತ 2ರ ಹಣ ತೆಗೆದಿಟ್ಟ ಮೇಲೂ ಹನ್ನೆರಡು ತಿಂಗಳು ನಿಲ್ಲಿಸದೆ ಕಟ್ಟಬಹುದಾದಷ್ಟು. ಅದು 1,000 ಆದರೆ 1,000.

ಮಾರ್ಚ್ ತಿಂಗಳಲ್ಲಿ "ಟ್ಯಾಕ್ಸ್ ಉಳಿಯುತ್ತೆ" ಅಂತ ಬರುವವರನ್ನು ಕೂರಿಸಿ ಒಂದೇ ಪ್ರಶ್ನೆ ಕೇಳಿ: ಹೊಸ ತೆರಿಗೆ ಪದ್ಧತಿಯಲ್ಲೂ ಉಳಿಯುತ್ತಾ? ವಿಮೆ ಕಂತು, ಪಿಪಿಎಫ್ ಥರದ್ದಕ್ಕೆ ಸಿಗುವ, 80ಸಿ ಅಂತ ಎಲ್ಲರಿಗೂ ಗೊತ್ತಿರುವ ರಿಯಾಯಿತಿ ಹೊಸ ಪದ್ಧತಿಯಲ್ಲಿ ಇಲ್ಲ. 2025–26ರಿಂದ ಆ ಪದ್ಧತಿಯಲ್ಲಿ 12 ಲಕ್ಷದವರೆಗಿನ ಸಾಮಾನ್ಯ ಆದಾಯಕ್ಕೆ ತೆರಿಗೆಯೇ ಇಲ್ಲ. ಇಲ್ಲದ ತೆರಿಗೆ ಉಳಿಸಲು ಪಾಲಿಸಿ ಕೊಂಡವರು ಇದ್ದಾರೆ.

ಚೀಟಿ ಹಾಕುವುದಾದರೆ 1982ರ ಚಿಟ್ ಫಂಡ್ ಕಾಯ್ದೆಯಡಿ ನೋಂದಣಿ ಆಗಿದೆಯಾ ನೋಡಿ. ತಿಂಗಳಿಗೆ ನೂರಕ್ಕೆ ಎರಡೋ ಮೂರೋ ಖಚಿತ ಅನ್ನುವವರು, ಇನ್ನಿಬ್ಬರನ್ನು ಸೇರಿಸಿ ಅನ್ನುವವರು, ಇವತ್ತೇ ಕೊನೆ ದಿನ ಅನ್ನುವವರು ಮೂವರೂ ಒಂದೇ ಜಾತಿ. ಅಂಥ ಠೇವಣಿ ಸಂಗ್ರಹದ ದೂರಿಗೆ ರಿಸರ್ವ್ ಬ್ಯಾಂಕಿನ ಸಚೇತ್ ಪೋರ್ಟಲ್ ಇದೆ. ಆನ್‌ಲೈನ್‌ನಲ್ಲಿ ಹಣ ಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

## ಹಂತ 9: ನಾಮಿನಿ ಮತ್ತು ಒಂದು ಹಾಳೆ

ಪ್ರತಿ ಖಾತೆ, ಎಫ್‌ಡಿ, ಪಾಲಿಸಿ, ಫಂಡ್‌ಗೆ ನಾಮಿನಿ ಇದ್ದಾರಾ, ಹೆಸರು ಆಧಾರ್‌ನಲ್ಲಿ ಇರುವಂತೆಯೇ ಇದೆಯಾ ನೋಡಿ. 2025ರ ನವೆಂಬರ್ 1ರಿಂದ ಬ್ಯಾಂಕ್ ಠೇವಣಿಗೆ ನಾಲ್ಕು ಜನರವರೆಗೆ ನಾಮಿನಿ ಮಾಡಬಹುದು. ಪಿಎಫ್‌ನಲ್ಲಿ ಮದುವೆಗೆ ಮುಂಚೆ ಅಮ್ಮನ ಹೆಸರು ಕೊಟ್ಟಿದ್ದರೆ ಮದುವೆಯಾದ ಮೇಲೆ ಅದು ಊರ್ಜಿತವಲ್ಲ. ಹೊಸದಾಗಿ ಕೊಡಬೇಕು. ಬ್ಯಾಂಕಿನಲ್ಲಿ ನಾಮಿನಿ ಅಂದರೆ ಹಣವನ್ನು ಕೈಗೆ ತೆಗೆದುಕೊಳ್ಳುವವರು ಅಷ್ಟೇ, ಅದರ ಹಕ್ಕು ವಾರಸುದಾರರದ್ದು. ಮನೆಯಲ್ಲಿ ತಕರಾರು ಬರಬಹುದು ಅನ್ನಿಸಿದರೆ ಉಯಿಲು ಬರೆದಿಡಿ.

ಆಮೇಲೆ ಒಂದು ಹಾಳೆಯಲ್ಲಿ ಯಾವ ಬ್ಯಾಂಕು, ಯಾವ ಪಾಲಿಸಿ, ಯಾರಿಗೆ ಎಷ್ಟು ಕೊಡಬೇಕು, ಯಾರಿಂದ ಎಷ್ಟು ಬರಬೇಕು ಅಂತ ಬರೆಯಿರಿ. ಪಾಸ್‌ವರ್ಡ್, ಪಿನ್ ಬರೆಯಬೇಡಿ. ಹಾಳೆ ಎಲ್ಲಿದೆ ಅನ್ನುವುದು ಮನೆಯಲ್ಲಿ ಇನ್ನೊಬ್ಬರಿಗಾದರೂ ಗೊತ್ತಿರಬೇಕು. ತೀರಿಹೋದ ಹಿರಿಯರ ಖಾತೆಗಳ ಬಗ್ಗೆ ಅನುಮಾನವಿದ್ದರೆ ರಿಸರ್ವ್ ಬ್ಯಾಂಕಿನ ಉದ್ಗಮ್ ಪೋರ್ಟಲ್‌ನಲ್ಲಿ ವಾರಸುದಾರರಿಲ್ಲದೆ ಬಿದ್ದಿರುವ ಠೇವಣಿ ಹುಡುಕಬಹುದು.

## ಹಂತ 10: ವರ್ಷಕ್ಕೆ ಒಂದು ಮಧ್ಯಾಹ್ನ

ಪ್ರತಿದಿನ ಫಂಡ್ ಎಷ್ಟಾಯಿತು ಅಂತ ನೋಡುವವರಿಗಿಂತ ವರ್ಷಕ್ಕೊಮ್ಮೆ ನೋಡುವವರು ಕಡಿಮೆ ತಪ್ಪು ಮಾಡುತ್ತಾರೆ ಅನ್ನುವುದು ನನ್ನ ಅನುಭವ. ಏಪ್ರಿಲ್‌ನಲ್ಲಿ ಒಂದು ಭಾನುವಾರ ಇಟ್ಟುಕೊಳ್ಳಿ. ಹಂತ 2ರ ಪಟ್ಟಿಗೆ ಹೊಸ ಫೀಸು ಹಾಕಿ. ಟರ್ಮ್ ವಿಮೆ ಈಗಿನ ಸಾಲಕ್ಕೆ ಸಾಕಾ ನೋಡಿ. ಎಲ್ಲರ ಸಾಲದ ದಾಖಲೆ ಇಡುವ ಸಿಬಿಲ್ ಮತ್ತು ಅಂಥವೇ ಇನ್ನೂ ಮೂರು ಸಂಸ್ಥೆಗಳು ವರ್ಷಕ್ಕೊಂದು ಪೂರ್ತಿ ಸಾಲದ ವರದಿ ಉಚಿತವಾಗಿ ಕೊಡಬೇಕು. ತರಿಸಿಕೊಂಡು ನಿಮಗೆ ಗೊತ್ತಿಲ್ಲದ ಸಾಲ ನಿಮ್ಮ ಹೆಸರಿನಲ್ಲಿದೆಯಾ ನೋಡಿ.

ಸಂಬಳ ಏರಿದ ವರ್ಷ ಒಂದು ಕೆಲಸ ಹೆಚ್ಚು. ಇನ್‌ಕ್ರಿಮೆಂಟ್ ಪತ್ರ ಕೈಗೆ ಬಂದ ದಿನವೇ, ಹೊಸ ಸಂಬಳ ಖಾತೆಗೆ ಬೀಳುವ ಮೊದಲು, ಏರಿದ್ದರಲ್ಲಿ ಅರ್ಧವನ್ನು ಎರಡನೇ ಖಾತೆಗೆ ಹೋಗುವ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್‌ಗೆ ಸೇರಿಸಿಬಿಡಿ. ಒಮ್ಮೆ ಕಣ್ಣಿಗೆ ಬಿದ್ದರೆ ಆ ಹಣಕ್ಕೆ ಮನೆಯಲ್ಲಿ ಹತ್ತು ಬೇಡಿಕೆ ಹುಟ್ಟಿಕೊಳ್ಳುತ್ತವೆ.